ಉಪ್ಪು ‘ಉಪ್‌ಪು’ ಆದಾಗ: ತಿಪಟೂರಿನ ಒಂದು ಚಟ್ನಿಪುಡಿ ಬಾಕ್ಸಿನ ಪ್ರಕರಣ

ಬಾಕ್ಸುಗಳು ಬಂದು ಇಳಿದ ಮಾರನೆಯ ಬೆಳಗ್ಗೆ ತಿಪಟೂರಿನ ಚಟ್ನಿಪುಡಿ ಗಿರಾಕಿಯಿಂದ ಫೋನ್ ಬಂತು. "ಅಣ್ಣಾ, ವಾಟ್ಸಾಪಿಗೆ ಒಂದು ಫೋಟೋ ಹಾಕಿದ್ದೀನಿ, ನೋಡಿ" ಅಂದರು. ಬೈಯಲಿಲ್ಲ. ಹದಿನೆಂಟು ವರ್ಷದಿಂದ ತುಮಕೂರಿನಲ್ಲಿ ಡಿಟಿಪಿ (ಕಂಪ್ಯೂಟರಿನಲ್ಲಿ ಪ್ರಿಂಟಿಗೆ ಫೈಲು ಜೋಡಿಸುವ) ಅಂಗಡಿ ನಡೆಸುತ್ತಿದ್ದೇನೆ. ಬೈಯುವ ಗಿರಾಕಿಯನ್ನು ಸಮಾಧಾನ ಮಾಡಬಹುದು. ಬೈಯದೆ ಫೋಟೋ ಕಳಿಸುವವರ ಮುಂದೆ ಮಾತೇ ಹೊರಡುವುದಿಲ್ಲ.

ಫೋಟೋದಲ್ಲಿ ಬಾಕ್ಸಿನ ಪಕ್ಕದ ಮಗ್ಗುಲು ಇತ್ತು. ಅಲ್ಲಿ ಪದಾರ್ಥಗಳ ಪಟ್ಟಿ: ‘ಉಪ್‌ಪು, ಬೆಲ್‌ಲ, ಬೆಳ್‌ಳುಳ್‌ಳಿ, ಹುಣಸೆಹಣ್‌ಣು’. ಕೆಳಗೆ ಕೂರಬೇಕಾದ ಒತ್ತಕ್ಷರಗಳೆಲ್ಲ ಎದ್ದು ಪಕ್ಕಕ್ಕೆ ಬಂದು ನಿಂತಿದ್ದವು. ಒಟ್ಟು 2,000 ಬಾಕ್ಸ್. ಎಲ್ಲದರಲ್ಲೂ ಅದೇ.

ಕಂಡುಹಿಡಿದವರು ಪ್ಯಾಕಿಂಗ್ ಮಾಡುವ ಒಬ್ಬ ಅಕ್ಕ. ಬಾಕ್ಸು ಮಡಿಸುತ್ತ ಮಡಿಸುತ್ತ ಜೋರಾಗಿ ಓದಿದರಂತೆ. "ಉಪ್... ಪು. ಬೆಳ್... ಳುಳ್... ಳಿ. ಇದೇನಕ್ಕಾ, ಡಬ್ಬಿಗೆ ತೊದಲು ಬಂದಿದೆ?" ಎಲ್ಲರೂ ನಕ್ಕರಂತೆ. ಆಮೇಲೆ ನಗು ನಿಂತಿತಂತೆ.

ಈ ಕೆಲಸ ನನ್ನ ಕಣ್ಣು, ಗಿರಾಕಿಯ ಕಣ್ಣು, ಪ್ರೆಸ್ಸಿನವರ ಕಣ್ಣು, ಮೂರನ್ನೂ ದಾಟಿ ಹೋಗಿತ್ತು. ಹೇಗೆ ದಾಟಿತು ಅಂತ ಹಿಂದಕ್ಕೆ ಹೋಗಿ ಒಂದೊಂದೇ ಹೆಜ್ಜೆ ನೋಡಿದೆ. ಅದನ್ನೇ ಇಲ್ಲಿ ಬರೆದಿದ್ದೇನೆ. ಸರಿಯಾಗಿ ಮಾಡಿದ ಕೆಲಸಗಳೂ ಇದರಲ್ಲಿವೆ, ಯಾಕೆಂದರೆ ಅವುಗಳಿಂದಲೇ ಕೊನೆಗೆ ನಷ್ಟ ಕಡಿಮೆಯಾಯಿತು.

ಕೆಲಸ ಏನಿತ್ತು

ಗಿರಾಕಿಯ ಮನೆಯವರದು ಕೊಬ್ಬರಿ ವ್ಯಾಪಾರ. ತಿಪಟೂರು ಅಂದಮೇಲೆ ಉಂಡೆ ಕೊಬ್ಬರಿಯೇ ಅಲ್ವಾ. ಮಾರುಕಟ್ಟೆಯಲ್ಲಿ ರೇಟು ಬಿದ್ದಾಗಲೆಲ್ಲ ಮನೆಯವರ ಮುಖ ಬೀಳುವುದನ್ನು ನೋಡಿ ನೋಡಿ, ಈಕೆ ಕೊಬ್ಬರಿ ಚಟ್ನಿಪುಡಿ ಮಾಡಿ ಮಾರಲು ಶುರು ಮಾಡಿದರು. ಐದು ಜನ ಹೆಂಗಸರು ಕೆಲಸಕ್ಕೆ. ಮೊದಲು ಪ್ಲಾಸ್ಟಿಕ್ ಕವರಿನ ಮೇಲೆ ಸ್ಟಿಕ್ಕರ್ ಇತ್ತು. ಬೆಂಗಳೂರಿನ ಅಂಗಡಿಗಳಿಗೆ ಕೊಡಬೇಕೆಂದರೆ ಬಾಕ್ಸು ಬೇಕು ಅಂದರಂತೆ. 200 ಗ್ರಾಮಿನ ಬಾಕ್ಸು, ಒಳಗೆ ಸೀಲ್ ಮಾಡಿದ ಪೌಚು.

ಡಿಸೈನು ಅವರ ಹತ್ತಿರ ಆಗಲೇ ಇತ್ತು. ಅಣ್ಣನ ಮಗ ಫೋನಿನ ಒಂದು ಆ್ಯಪಿನಲ್ಲಿ ಮಾಡಿಕೊಟ್ಟಿದ್ದ. ಚೆನ್ನಾಗಿಯೇ ಇತ್ತು, ಸುಳ್ಳು ಹೇಳಬಾರದು. ಹಿಂದೆ ತೆಂಗಿನ ತೋಟ, ಮುಂದೆ ಒಡೆದ ಕೊಬ್ಬರಿ, ಒಣಮೆಣಸಿನಕಾಯಿ. "ಇದನ್ನೇ ಪ್ರಿಂಟ್ ಹಾಕಿಸಿಕೊಡಿ ಅಣ್ಣ, ನಿಮಗೆ ಕೆಲಸ ಏನೂ ಇಲ್ಲ" ಅಂದರು.

ಈ ಮಾತು ಕೇಳಿದಾಗೆಲ್ಲ ನನಗೆ ಒಂದು ಹೋಲಿಕೆ ನೆನಪಾಗುತ್ತದೆ. ಸೀರೆಯ ಫೋಟೋ ತೋರಿಸಿ ಇದನ್ನೇ ಉಡಿಸಿ ಅಂದಂತೆ. ಪ್ರಿಂಟಿಗೆ ಚಿತ್ರ ಸಾಲದು. ಬಾಕ್ಸು ಬಿಚ್ಚಿ ಹರಡಿದರೆ ಎಷ್ಟು ಅಗಲ, ಎಲ್ಲಿ ಮಡಿಕೆ, ಎಲ್ಲಿ ಅಂಟು, ಯಾವ ಬಣ್ಣಕ್ಕೆ ಯಾವ ಪ್ಲೇಟು (ಒಂದೊಂದು ಮಸಿಗೂ ಒಂದೊಂದು ಅಚ್ಚಿನ ತಗಡು), ಇದೆಲ್ಲ ಫೈಲಿನಲ್ಲೇ ಇರಬೇಕು.

ಮೊದಲು ಚಿತ್ರದ ಲೆಕ್ಕ. ತೋಟದ ಫೋಟೋ ಬಾಕ್ಸಿನ ನಾಲ್ಕೂ ಮಗ್ಗುಲಿಗೆ ಸುತ್ತಿ ಬರಬೇಕಿತ್ತು. ಸುತ್ತಳತೆ 27 ಸೆಂಟಿಮೀಟರ್. ವಾಟ್ಸಾಪಿನಲ್ಲಿ ಬಂದ ಫೋಟೋ ಅಗಲ 1,280 ಪಿಕ್ಸೆಲ್. ಅಂದರೆ ಒಂದು ಇಂಚಿಗೆ ಸಿಗುವುದು ಸುಮಾರು 120 ಪಿಕ್ಸೆಲ್ ಅಷ್ಟೇ ಅನ್ನಿ. ಆಫ್‌ಸೆಟ್ಟಿಗೆ (ಪ್ಲೇಟಿನಿಂದ ಮಸಿ ಒತ್ತುವ ಪ್ರೆಸ್ಸಿಗೆ) 300 ಬೇಕು, ಆ ಲೆಕ್ಕಕ್ಕೆ ಸುಮಾರು 3,200 ಪಿಕ್ಸೆಲ್ ಅಗಲ ಇರಬೇಕು. ಸಾಫ್ಟ್‌ವೇರಿನಲ್ಲಿ 120 ಅನ್ನು 300 ಅಂತ ಬರೆದುಬಿಟ್ಟರೆ ಆಗುವುದಿಲ್ಲವಾ ಅಂತ ಡಿಸೈನು ಮಾಡಿದ ಹುಡುಗ ಕೇಳಿದ. ಮಜ್ಜಿಗೆಗೆ ನೀರು ಸುರಿದರೆ ಲೋಟ ತುಂಬುತ್ತದೆ, ಮಜ್ಜಿಗೆ ಜಾಸ್ತಿ ಆಗುವುದಿಲ್ಲ. ಮೂಲ ಫೋಟೋವನ್ನು ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿದೆ. ಫೋಟೋ ಅಂತ ಕಳಿಸಿದರೆ ವಾಟ್ಸಾಪು ಅದನ್ನು ಹಿಂಡಿ ಕಳಿಸುತ್ತದೆ. ಮೂಲದಲ್ಲಿ ಬೇಕಾದಷ್ಟು ಪಿಕ್ಸೆಲ್ ಇತ್ತು.

ಮೊದಲು ಬಿಳಿ ಡಬ್ಬಿ

ಅಳತೆ ಕೇಳಿದರೆ ಬೇರೆ ಕಂಪನಿಯ ಬಾಕ್ಸೊಂದನ್ನು ಸ್ಕೇಲಿನಲ್ಲಿ ಅಳೆದು ಕೊಟ್ಟರು. ಅಗಲ 9, ಎತ್ತರ 14, ದಪ್ಪ 4 ಸೆಂಟಿಮೀಟರ್. ಅದರಲ್ಲಿದ್ದದ್ದು ಸಾಂಬಾರ್ ಪುಡಿ. ಚಟ್ನಿಪುಡಿ ತರಿತರಿ ಇರುತ್ತದೆ, ಅಷ್ಟೇ ತೂಕಕ್ಕೆ ಜಾಸ್ತಿ ಜಾಗ ತಿನ್ನುತ್ತದೆ. ಪೌಚಿನ ಒಳಗೆ ಗಾಳಿ ಬೇರೆ.

ಹಾಗಾಗಿ ಪ್ರೆಸ್ಸಿನವರ ಹತ್ತಿರ ಪ್ರಿಂಟ್ ಇಲ್ಲದ ಬಿಳಿ ಡಮ್ಮಿ ಮಾಡಿಸಿದೆ. ಅದೇ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಬೋರ್ಡಿನಲ್ಲೇ ಮಾಡಿಸಬೇಕು, ಜೆರಾಕ್ಸ್ ಕಾಗದದಲ್ಲಿ ಮಾಡಿದರೆ ಅದು ಆಟದ ಸಾಮಾನು. ಪೌಚು ಹಾಕಿ ಮುಚ್ಚಿದರೆ ಬಾಕ್ಸಿನ ಹೊಟ್ಟೆ ಉಬ್ಬಿತು. ದಪ್ಪ ನಾಲ್ಕೂವರೆ ಮಾಡಿದೆವು, ಸರಿಯಾಯಿತು. ಬೋರ್ಡಿನ ನಾರು ಬಾಕ್ಸಿನ ಸುತ್ತ ಅಡ್ಡಕ್ಕೆ ಬರಬೇಕು, ನಿಂತ ಮಡಿಕೆಗಳಿಗೆ ಅದು ಅಡ್ಡವಾಗಿದ್ದರೆ ಮಗ್ಗುಲು ನೆಟ್ಟಗೆ ನಿಲ್ಲುತ್ತದೆ ಅಂತ ಪ್ರೆಸ್ಸಿನ ಮೇಸ್ತ್ರಿ ಹೇಳಿದರು. ಅದನ್ನು ಅವರೇ ನೋಡಿಕೊಂಡರು.

ಡಮ್ಮಿಯ ಮೇಲೆ ಪೆನ್ನಿನಲ್ಲಿ ಬರೆದೆವು: ಮುಂದೆ, ಹಿಂದೆ, ಎಡ, ಬಲ, ಮುಚ್ಚಳ, ತಳ. ಬರೆದು ಬಿಚ್ಚಿ ಮೇಜಿನ ಮೇಲೆ ಹರಡಿದಾಗ ಮುಚ್ಚಳದ ಬರಹ ತಲೆಕೆಳಗಾಗಿತ್ತು. ತಪ್ಪಲ್ಲ, ಅದು ಹಾಗೆಯೇ ಇರಬೇಕಿತ್ತು. ಮುಚ್ಚಳ ಹಿಂಬದಿಯ ಮಗ್ಗುಲಿಗೆ ಅಂಟಿಕೊಂಡಿರುವುದರಿಂದ ಮುಂದೆ ಮಡಚಿದಾಗಲೇ ಅದು ನೆಟ್ಟಗಾಗುವುದು. ಸ್ಕ್ರೀನಿನ ಮೇಲೆ ನೋಡಿ "ಇದು ಉಲ್ಟಾ ಇದೆ" ಅಂತ ತಿರುಗಿಸಿ ಕೈ ಸುಟ್ಟುಕೊಂಡವರು ಬಹಳ ಜನ. ನಾನೂ ಒಬ್ಬ, ಆದರೆ ಅದು ಬೇರೆ ಕಥೆ.

ಡಮ್ಮಿ ಒಪ್ಪಿದ ಮೇಲೆ ಪ್ರೆಸ್ಸಿನಿಂದ ಡೈ ಲೈನಿನ ಫೈಲು ತರಿಸಿಕೊಂಡೆ. ಎಲ್ಲಿ ಕತ್ತರಿಸಬೇಕು, ಎಲ್ಲಿ ಮಡಿಸಬೇಕು ಅನ್ನುವ ಗೆರೆಗಳ ನಕ್ಷೆ ಅದು. ಅದನ್ನು ಬೇರೆ ಲೇಯರಿನಲ್ಲಿ, ಬೇರೆ ಸ್ಪಾಟ್ ಬಣ್ಣದಲ್ಲಿ (ಚಿತ್ರದ ನಾಲ್ಕು ಮಸಿಗೆ ಸೇರದ ಪ್ರತ್ಯೇಕ ಬಣ್ಣ), ಓವರ್‌ಪ್ರಿಂಟ್ ಮಾಡಿ (ಕೆಳಗಿನ ಬಣ್ಣ ಕತ್ತರಿಸದೆ ಅದರ ಮೇಲೇ ಬೀಳುವ ಹಾಗೆ) ಇಡಬೇಕು. ಚಿತ್ರದ ಜೊತೆ ಸಿಎಂವೈಕೆಯಲ್ಲಿ, ಅಂದರೆ ಸಯಾನ್ (ತಿಳಿ ನೀಲಿ), ಮೆಜೆಂಟಾ (ಗುಲಾಬಿ ಕೆಂಪು), ಹಳದಿ, ಕಪ್ಪು ಅನ್ನುವ ನಾಲ್ಕು ಮಸಿಯಲ್ಲಿ ಇಟ್ಟರೆ ಒಂದು ದಿನ ಆ ಗೆರೆಯೂ ಬಾಕ್ಸಿನ ಮೇಲೆ ಪ್ರಿಂಟ್ ಆಗಿ ಬರುತ್ತದೆ.

ಕತ್ತರಿಸುವ ಗೆರೆಯಿಂದ ಹೊರಗೆ 3 ಮಿಲಿಮೀಟರ್ ಬ್ಲೀಡ್, ಅಂದರೆ ಹೆಚ್ಚುವರಿ ಬಣ್ಣ ಕೊಟ್ಟೆ. ಡೈ (ಬಾಕ್ಸು ಕತ್ತರಿಸುವ ಅಚ್ಚು) ಕೂದಲೆಳೆಯಷ್ಟು ಸರಿದರೂ ಬಿಳಿ ಅಂಚು ಕಾಣಬಾರದಲ್ಲ. ಬರಹವನ್ನು ಗೆರೆಯಿಂದ ಒಳಗೆ 4 ಮಿಲಿಮೀಟರ್ ತಂದೆ. ಇಲ್ಲಿ ಕನ್ನಡಕ್ಕೆ ಒಂದು ವಿಶೇಷ ಕಾಳಜಿ ಬೇಕು. ಇಂಗ್ಲಿಷ್ ಸಾಲಿನ ತಳದ ಗೆರೆ ನೋಡಿ ಅಳತೆ ಇಟ್ಟರೆ ನಮ್ಮ ಒತ್ತಕ್ಷರ ಮಡಿಕೆಯ ಮೇಲೆ ಹೋಗಿ ಕೂರುತ್ತದೆ. ‘ಚಟ್ನಿ’ಯ ನ ಒತ್ತಿನ ತುದಿಯಿಂದ ಅಳೆಯಬೇಕು.

ಅಂಟಿಸುವ ಪಟ್ಟಿಯ ಮೇಲೆ ಬಣ್ಣವನ್ನೂ ಕೋಟಿಂಗನ್ನೂ ತೆಗೆದೆ. ಅಲ್ಲಿ ಕೋಟಿಂಗ್ ಇದ್ದರೆ ಗೋಂದು ಹಿಡಿಯುವುದಿಲ್ಲ.

ಕಪ್ಪು ಅಂದರೆ ಯಾವ ಕಪ್ಪು

ಹುಡುಗನ ಡಿಸೈನು ಆರ್‌ಜಿಬಿಯಲ್ಲಿ, ಅಂದರೆ ಕೆಂಪು, ಹಸಿರು, ನೀಲಿ ಬೆಳಕಿನ ಲೆಕ್ಕದಲ್ಲಿ ಇತ್ತು. ಫೋನು ಬೆಳಕಿನಲ್ಲಿ ಬಣ್ಣ ಮಾಡುತ್ತದೆ, ಪ್ರೆಸ್ಸು ಮಸಿಯಲ್ಲಿ ಮಾಡುತ್ತದೆ. ತೆಂಗಿನ ಗರಿಯ ಆ ಮಿಂಚುವ ಹಸಿರು ಸಯಾನ್ ಮತ್ತು ಹಳದಿ ಮಸಿ ಸೇರಿದರೆ ಬರುವುದಿಲ್ಲ, ಮಂಕಾಗುತ್ತದೆ. ಇದನ್ನು ಮೊದಲೇ ಪರಿವರ್ತಿಸಿ, ಪ್ರಿಂಟ್ ತೆಗೆದು, ಗಿರಾಕಿಗೆ ತೋರಿಸಿಬಿಟ್ಟೆ. ಒಂದು ಕ್ಷಣ ಮುಖ ಸಣ್ಣದಾಯಿತು. "ಗರಿ ಒಣಗಿದ ಹಾಗಿದೆ ಅಣ್ಣ" ಅಂದರು. ಮೆಜೆಂಟಾ ಸ್ವಲ್ಪ ತೆಗೆದು ಹಸಿರನ್ನು ಶುದ್ಧ ಮಾಡಿದೆ. ಫೋನಿನಷ್ಟು ಬರಲಿಲ್ಲ, ಒಪ್ಪಿಕೊಂಡರು. ಈ ಬೇಸರ ಬಾಕ್ಸು ಬಂದ ಮೇಲೆ ಆಗುವುದಕ್ಕಿಂತ ಮೊದಲೇ ಆಗಿದ್ದು ಒಳ್ಳೆಯದಾಯಿತು.

ದೊಡ್ಡ ಸಂಗತಿ ಕಪ್ಪು ಬಣ್ಣದ್ದು. ಆರ್‌ಜಿಬಿಯ ಕಪ್ಪನ್ನು ಫೋಟೋಶಾಪಿನ ಹಳೆಯ ಮಾಮೂಲಿ ಸೆಟ್ಟಿಂಗಿನಲ್ಲಿ ಸಿಎಂವೈಕೆ ಮಾಡಿದರೆ ಸಯಾನ್ 75, ಮೆಜೆಂಟಾ 68, ಹಳದಿ 67, ಕಪ್ಪು 90 ಆಗುತ್ತದೆ. ಕೂಡಿದರೆ ಶೇ 300 ಮಸಿ. ಕಣ್ಣಿಗೆ ಕಪ್ಪೇ. ಆದರೆ ಮೆಷಿನ್ನಿಗೆ ಅದು ನಾಲ್ಕು ಬೇರೆ ಬೇರೆ ಅಚ್ಚು, ಒಂದರ ಮೇಲೊಂದು ಕರಾರುವಾಕ್ಕಾಗಿ ಕೂರಬೇಕು. ತೆಂಗಿನ ತೋಟದ ನೆರಳಿನಲ್ಲಿ ಚೂರು ಸರಿದರೆ ಯಾರಿಗೂ ಗೊತ್ತಾಗುವುದಿಲ್ಲ. 6 ಪಾಯಿಂಟಿನ ‘ಬೆಳ್ಳುಳ್ಳಿ’ಯಲ್ಲಿ ಸರಿದರೆ ಕೆಂಪು ನೀಲಿ ನೆರಳು ಬಂದು ಒತ್ತಕ್ಷರದ ಹೊಟ್ಟೆ ಮುಚ್ಚಿಹೋಗುತ್ತದೆ.

ಅದಕ್ಕೆ ನನ್ನದೊಂದು ಕಟ್ಟುನಿಟ್ಟು. ಸಣ್ಣ ಬರಹವೆಲ್ಲ ಕಪ್ಪು 100 ಮಾತ್ರ, ಮಿಕ್ಕಿದ್ದು ಸೊನ್ನೆ, ಮೇಲೆ ಓವರ್‌ಪ್ರಿಂಟ್. ಹುಡುಗ ಪಟ್ಟಿಯನ್ನು ಗಾಢ ಕಂದು ಬಣ್ಣದ ಮೇಲೆ ಬಿಳಿ ಅಕ್ಷರದಲ್ಲಿ ಹಾಕಿದ್ದ. ಕಂದು ಅಂದರೆ ನಾಲ್ಕೂ ಮಸಿ, ಅದರ ನಡುವೆ ಸೂಜಿಯಷ್ಟು ಬಿಳಿ ಜಾಗ. ಮಸಿ ಹರಡಿ ಅಕ್ಷರ ತಿಂದುಹಾಕುತ್ತದೆ. ನಾನು ಆ ಮಗ್ಗುಲನ್ನೇ ಕೆನೆ ಬಣ್ಣ ಮಾಡಿ ಮೇಲೆ ಕಪ್ಪು ಅಕ್ಷರ ಹಾಕಿದೆ. ಅವನಿಗೆ ಬೇಜಾರಾಯಿತು, "ಲುಕ್ ಹೋಯ್ತು ಅಂಕಲ್" ಅಂದ. ಹೋಗಲಿ. ಈ ಒಂದು ತೀರ್ಮಾನ ಮುಂದೆ ನಮ್ಮನ್ನು ಉಳಿಸಿತು, ಅದಕ್ಕೆ ಬರುತ್ತೇನೆ.

ಬಾರ್‌ಕೋಡು, ಹಸಿರು ಚುಕ್ಕಿ, ಖಾಲಿ ಜಾಗ

ಬಾರ್‌ಕೋಡನ್ನು ಹುಡುಗ ಚೆಂದಕ್ಕೆ ಇಟ್ಟಿಗೆ ಕೆಂಪು ಬಣ್ಣದಲ್ಲಿ ಇಟ್ಟಿದ್ದ. ಅಂಗಡಿಯ ಸ್ಕ್ಯಾನರ್ ಕೆಂಪು ಬೆಳಕು ಬಿಡುತ್ತದೆ. ಕೆಂಪು ಗೆರೆಯ ಮೇಲೆ ಕೆಂಪು ಬೆಳಕು ಬಿದ್ದರೆ ಅದಕ್ಕೆ ಗೆರೆಯೂ ಬಿಳಿ ಹಾಳೆಯೂ ಒಂದೇ. ಕಪ್ಪು ಮಾಡಿದೆ, ಅದೂ ಒಂದೇ ಪ್ಲೇಟಿನ ಕಪ್ಪು. ಈ 13 ಅಂಕಿಯ ಬಾರ್‌ಕೋಡಿನ ಪೂರ್ತಿ ಅಳತೆ 37.29 ಮಿಲಿಮೀಟರ್ ಅಗಲ, 25.93 ಎತ್ತರ. ಶೇ 80ಕ್ಕಿಂತ ಕಮ್ಮಿ ಮಾಡುವಂತಿಲ್ಲ. ನಮ್ಮ ಪಕ್ಕದ ಮಗ್ಗುಲು 45 ಮಿಲಿಮೀಟರ್ ಅಷ್ಟೆ, ಆದರೂ ಪೂರ್ತಿ ಅಳತೆಯಲ್ಲೇ ಕೂರಿಸಿದೆ. ಎರಡೂ ಬದಿಯ ಖಾಲಿ ಜಾಗವೂ ಬಾರ್‌ಕೋಡಿನ ಭಾಗವೇ. ಅಲ್ಲಿಗೆ ಹೂ ಬಳ್ಳಿ ತಂದು ತೂರಿಸಬಾರದು. 890 ಅಂತ ಶುರುವಾದರೆ ಭಾರತದಲ್ಲಿ ತಯಾರಾದ ಮಾಲು ಅಂತ ಬಹಳ ಜನ ತಿಳಿದಿದ್ದಾರೆ. ಅದು ಜಿಎಸ್‌1 ಇಂಡಿಯಾದಲ್ಲಿ (ಬಾರ್‌ಕೋಡಿನ ನಂಬರು ಕೊಡುವ ಸಂಸ್ಥೆ) ನೋಂದಣಿ ಆದ ಕಂಪನಿಯ ನಂಬರು ಅಂತ ಮಾತ್ರ.

ಸಸ್ಯಾಹಾರದ ಗುರುತಿಗೂ ಅಳತೆ ಇದೆ. ಬಾಕ್ಸಿನ ಮುಖ್ಯ ಮಗ್ಗುಲು 9 ಇಂಟು 14, ಅಂದರೆ 126 ಚದರ ಸೆಂಟಿಮೀಟರ್. 100ರಿಂದ 500ರ ಒಳಗೆ ಇದ್ದರೆ ಹಸಿರು ಚುಕ್ಕಿಯ ವ್ಯಾಸ ಕನಿಷ್ಠ 4 ಮಿಲಿಮೀಟರ್, ಸುತ್ತಲಿನ ಚೌಕದ ಬದಿ ಅದರ ಎರಡರಷ್ಟು. ಹುಡುಗ ಹಾಕಿದ್ದು ಸಾಸಿವೆ ಕಾಳಿನಷ್ಟಿತ್ತು.

ಬ್ಯಾಚ್ ನಂಬರು, ತಯಾರಾದ ದಿನ, ಎಂಆರ್‌ಪಿ ಇವನ್ನು ಪ್ಯಾಕಿಂಗ್ ಮಾಡುವಾಗ ಸಣ್ಣ ಕೋಡಿಂಗ್ ಮೆಷಿನ್ನಿನಲ್ಲಿ ಹಾಕುತ್ತಾರೆ. ಅಷ್ಟು ಜಾಗದಲ್ಲಿ ಯುವಿ ಕೋಟಿಂಗ್ ಬೀಳದ ಹಾಗೆ ಕೋಟಿಂಗಿನ ಲೇಯರಿನಲ್ಲಿ ಕಿಟಕಿ ಬಿಡಬೇಕು. ಬಿಡದಿದ್ದರೆ ದಿನಾಂಕ ಬೆರಳಿಗೆ ಅಂಟಿಕೊಂಡು ಬರುತ್ತದೆ.

ಇನ್ನು ಭಾಷೆ. ಆಹಾರದ ಲೇಬಲ್ಲಿನ ವಿವರ ಇಂಗ್ಲಿಷಿನಲ್ಲಿ ಅಥವಾ ದೇವನಾಗರಿ ಹಿಂದಿಯಲ್ಲಿ ಇರಲೇಬೇಕು. ಕನ್ನಡವನ್ನು ಅದರ ಜೊತೆಗೆ ಹಾಕಬಹುದು. ಗಿರಾಕಿ ಎರಡೂ ಬೇಕು ಅಂದರು. ನಾಲ್ಕೂವರೆ ಸೆಂಟಿಮೀಟರಿನ ಮಗ್ಗುಲಿನಲ್ಲಿ ಎರಡು ಪಟ್ಟಿ, ಕೆಳಗೆ ಬಾರ್‌ಕೋಡು. ಬಸ್ಸಿನಲ್ಲಿ ಮೂರು ಜನರ ಸೀಟಿಗೆ ನಾಲ್ಕು ಜನ ಕೂತಂತೆ ಆಯಿತು. ಕನ್ನಡ ಸಾಲುಗಳ ನಡುವೆ ಅಂತರ ಜಾಸ್ತಿ ಕೊಡಲೇಬೇಕು, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ.

ನುಡಿ, ಯೂನಿಕೋಡ್ ಮತ್ತು ಕರ್ವ್

ಇಲ್ಲಿಂದ ಅಸಲು ವಿಷಯ.

ಬಾಕ್ಸಿನ ಮುಂದಿನ ಹೆಸರು ನಾನು ಕೋರೆಲ್‌ಡ್ರಾ ಅನ್ನುವ ಡಿಸೈನ್ ಸಾಫ್ಟ್‌ವೇರಿನಲ್ಲಿ ನುಡಿ ಫಾಂಟಿನಿಂದ ಮಾಡಿದ್ದೆ. ಹಳೆಯ ನುಡಿ ಫಾಂಟುಗಳಲ್ಲಿ ಒಳಗಿರುವುದು ಇಂಗ್ಲಿಷ್ ಸಂಕೇತಗಳು, ಮೇಲೆ ಕನ್ನಡದ ವೇಷ. ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ವೇಷ ಕಳಚುತ್ತದೆ. ಇಂಗ್ಲಿಷ್ ಅಕ್ಷರಗಳು ತಲೆಯ ಮೇಲೆ ಟೋಪಿ, ಚುಕ್ಕಿ ಇಟ್ಟುಕೊಂಡು ಸಾಲಾಗಿ ನಿಂತಿರುತ್ತವೆ. ಇದು ನಮಗೆಲ್ಲ ಗೊತ್ತಿರುವುದರಿಂದ ಕೈ ತಾನಾಗಿ ಕರ್ವ್ ಮಾಡುತ್ತದೆ. ಕರ್ವ್ ಅಂದರೆ ಅಕ್ಷರ ಇನ್ನು ಅಕ್ಷರವಲ್ಲ, ಬರೀ ಚಿತ್ರ. ಯಾವ ಫಾಂಟೂ ಬೇಡ.

ಅದರಲ್ಲೂ ಒಂದು ಗುಂಡಿ ಇದೆ. ನುಡಿಯಲ್ಲಿ ಒಂದು ಅಕ್ಷರ ಎರಡು ಮೂರು ತುಂಡುಗಳಿಂದ ಆಗಿರುತ್ತದೆ. ತಲೆಕಟ್ಟು ಒಂದು ತುಂಡು, ಕೊಂಬು ಒಂದು ತುಂಡು, ಒಂದರ ಮೇಲೊಂದು ಸ್ವಲ್ಪ ಹತ್ತಿ ಕೂತಿರುತ್ತವೆ. ಕರ್ವ್ ಮಾಡಿ ಕೋರೆಲ್ಲಿನಲ್ಲಿ ಕಂಬೈನ್ ಒತ್ತಿದರೆ ಹತ್ತಿ ಕೂತ ಜಾಗದಲ್ಲಿ ಬಿಳಿ ತೂತು ಬೀಳುತ್ತದೆ. ವೆಲ್ಡ್ ಮಾಡಬೇಕು, ಆಗ ತುಂಡುಗಳು ಬೆಸೆದು ಒಂದಾಗುತ್ತವೆ. ನಮ್ಮ ಬಿ.ಎಚ್. ರಸ್ತೆಯಲ್ಲಿ ಒಂದೆರಡು ಬೋರ್ಡುಗಳಲ್ಲಿ ಈ ತೂತುಗಳನ್ನು ನಾನು ದಿನಾ ನೋಡುತ್ತೇನೆ. ಯಾರ ಅಂಗಡಿ ಅಂತ ಹೇಳುವುದಿಲ್ಲ.

ಯೂನಿಕೋಡಿನ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಕಥೆ ಬೇರೆ. ಅಲ್ಲಿ ‘ಉಪ್ಪು’ ಅಂದರೆ ಐದು ಸಂಕೇತ: ಉ, ಪ, ಅರ್ಧ ಮಾಡುವ ಗುರುತು, ಇನ್ನೊಂದು ಪ, ಕೊಂಬು. ಎರಡನೆಯ ಪ ಕೆಳಗೆ ಇಳಿದು ಒತ್ತಾಗಬೇಕು ಅಂತ ತೀರ್ಮಾನಿಸುವುದು ಫಾಂಟಿನ ಒಳಗಿರುವ ನಿಯಮ ಮತ್ತು ಅದನ್ನು ಓದುವ ಸಾಫ್ಟ್‌ವೇರು. ಇಬ್ಬರಲ್ಲಿ ಒಬ್ಬ ಕೈಕೊಟ್ಟರೂ ಐದೂ ಸಂಕೇತ ಸಾಲಾಗಿ ನಿಲ್ಲುತ್ತವೆ. ಅದೇ ‘ಉಪ್‌ಪು’. ಅಡೋಬಿ ಇಲಸ್ಟ್ರೇಟರಿನಲ್ಲಿ ಟೈಪ್ ಸೆಟ್ಟಿಂಗಿಗೆ ಹೋಗಿ ಇಂಡಿಕ್ ಆಯ್ಕೆ ಆನ್ ಮಾಡಿ, ದಕ್ಷಿಣ ಏಷ್ಯಾ ಭಾಷೆಗಳ ಕಂಪೋಸರ್ (ಅಕ್ಷರ ಜೋಡಿಸುವ ಸೌಕರ್ಯ) ಆರಿಸಿದರೆ ಒತ್ತು ಸರಿಯಾಗಿ ಕೂರುತ್ತದೆ. ಇನ್‌ಡಿಸೈನಿನಲ್ಲಿ ಅದಕ್ಕೆ ವರ್ಲ್ಡ್ ರೆಡಿ ಕಂಪೋಸರ್ ಅಂತ ಹೆಸರು.

ನುಡಿ ಕೆಟ್ಟರೆ ಪೂರ್ತಿ ಕೆಡುತ್ತದೆ. ಕನ್ನಡ ಬಾರದವನಿಗೂ ಇದೇನೋ ತಪ್ಪು ಅಂತ ಗೊತ್ತಾಗುತ್ತದೆ. ಯೂನಿಕೋಡ್ ಕೆಟ್ಟರೆ ಅರ್ಧ ಕೆಡುತ್ತದೆ. ನೋಡಲು ಕನ್ನಡದ ಹಾಗೇ ಇರುತ್ತದೆ. ಓದಿದರೆ ಮಾತ್ರ ಗೊತ್ತಾಗುವುದು.

ಆ ಸಂಜೆ

ಎಲ್ಲ ಮುಗಿದು ಬಣ್ಣದ ಪ್ರೂಫು (ಒಪ್ಪಿಗೆಗೆ ತೆಗೆಯುವ ಮಾದರಿ ಪ್ರಿಂಟು) ಕಾಗದದ ಮೇಲೆ ಬಂತು. ಗಿರಾಕಿ ಓದಿ ಸಹಿ ಮಾಡಿದರು. ಪ್ರೂಫು ಸರಿಯಾಗಿತ್ತು, ಈಗಲೂ ನನ್ನ ಡ್ರಾಯರಿನಲ್ಲಿದೆ.

ಪ್ಲೇಟು ಹಾಕುವ ಹಿಂದಿನ ಸಂಜೆ ಅವರ ಫೋನು. ಲೈಸೆನ್ಸಿನ ಕೆಲಸ ನೋಡಿಕೊಳ್ಳುವವರು ಒಂದು ಪ್ರಶ್ನೆ ಕೇಳಿದ್ದರಂತೆ: ನಿಮ್ಮ ಇಂಗು ಯಾವುದು? ಅಂಗಡಿಯ ಡಬ್ಬಿ ಇಂಗಿನಲ್ಲಿ ಸಾಮಾನ್ಯವಾಗಿ ಗೋಧಿ ಹಿಟ್ಟೋ ಮೈದಾವೋ ಸೇರಿರುತ್ತದೆ. ಇವರ ಡಬ್ಬಿಯ ಹಿಂದೆಯೂ ಹಾಗೇ ಬರೆದಿತ್ತು. ಗೋಧಿ ಅಲರ್ಜಿಯ ಪಟ್ಟಿಯಲ್ಲಿ ಬರುವ ಪದಾರ್ಥ, ಬಾಕ್ಸಿನ ಮೇಲೆ ಹೇಳಲೇಬೇಕು. ನ್ಯಾಯವಾದ ತಿದ್ದುಪಡಿ. ತಕರಾರಿಲ್ಲ.

ನಾನು ಕ್ಯಾತ್ಸಂದ್ರದಲ್ಲಿ ಒಂದು ನಾಮಕರಣಕ್ಕೆ ಹೋಗಿದ್ದೆ. ಅಂಗಡಿಯ ಹುಡುಗನಿಗೆ ಫೋನಿನಲ್ಲೇ ಹೇಳಿದೆ. ಪಟ್ಟಿ ಕರ್ವ್ ಆಗಿಬಿಟ್ಟಿತ್ತು, ತಿದ್ದಲು ಆಗುವುದಿಲ್ಲ. ಅವನು ಎರಡೂ ಪಟ್ಟಿಯನ್ನು ಹೊಸದಾಗಿ ಯೂನಿಕೋಡಿನಲ್ಲಿ ಟೈಪ್ ಮಾಡಿ ಕೂರಿಸಿದ. ಅವನ ಸ್ಕ್ರೀನಿನಲ್ಲಿ ಒಂದೂ ಒತ್ತು ತಪ್ಪಿರಲಿಲ್ಲ. ಪಿಡಿಎಫ್ ಮಾಡಿದ. ಫಾಂಟು ಅದರೊಳಗೇ ಸೇರಿತ್ತು. ಕರ್ವ್ ಮಾಡಲಿಲ್ಲ. ಮಾಡು ಅಂತ ನಾನೂ ಹೇಳಲಿಲ್ಲ.

ಪ್ರೆಸ್ಸು ಇರುವುದು ಬೆಂಗಳೂರಿನ ಪೀಣ್ಯದ ಕಡೆ. 23 ಇಂಟು 36 ಇಂಚಿನ ಶೀಟಿನಲ್ಲಿ ಆರು ಬಾಕ್ಸು ಜೋಡಿಸಬೇಕು. ಅಲ್ಲಿನ ಆಪರೇಟರು ಪಿಡಿಎಫನ್ನು ಹಾಗೇ ಇಟ್ಟು ಜೋಡಿಸುವ ಬದಲು ಕೋರೆಲ್ಲಿನಲ್ಲಿ ತೆರೆದ. ತೆರೆಯುವಾಗ ಅದು ಕೇಳುತ್ತದೆ, ಬರಹವನ್ನು ಟೆಕ್ಸ್ಟ್ ಆಗಿ ತರಲಾ, ಕರ್ವ್ ಆಗಿ ತರಲಾ ಅಂತ. ಅವನು ಟೆಕ್ಸ್ಟ್ ಅಂತ ಬಿಟ್ಟ. ಆ ಫಾಂಟು ಅವನ ಮೆಷಿನ್ನಿನಲ್ಲಿ ಇರಲಿಲ್ಲ, ಬೇರೆಯದು ಬಂದು ಕೂತಿತು. ಮುಂದಿನ ಹೆಸರು ಕರ್ವ್ ಆಗಿದ್ದರಿಂದ ಹಾಗೇ ಉಳಿಯಿತು. ಇಂಗ್ಲಿಷ್ ಪಟ್ಟಿ ಸರಿ ಇತ್ತು. ಅವನು ಓದಬಲ್ಲದ್ದು ಅದೊಂದೇ. ಅವನಿಗೆ ಕನ್ನಡ ಬರುವುದಿಲ್ಲ, ಬೇರೆ ರಾಜ್ಯದಿಂದ ಬಂದ ಹುಡುಗ. ಅವನ ಮೇಲೆ ನನಗೆ ಸಿಟ್ಟಿಲ್ಲ.

ಜೋಡಿಸಿದ ಶೀಟಿನ ಚಿತ್ರ ನನ್ನ ವಾಟ್ಸಾಪಿಗೆ ಬಂತು. ಮುಂದೆ ತಟ್ಟೆ ಇಡ್ಲಿ, ಕೈಯಲ್ಲಿ ಫೋನು. ಆರು ಬಾಕ್ಸು ಅಂಗೈಯಗಲದ ಸ್ಕ್ರೀನಿನಲ್ಲಿ. ಬಣ್ಣ ಸರಿ ಕಂಡಿತು, ಮುಚ್ಚಳ ಸರಿ ಕಂಡಿತು. ದೊಡ್ಡದು ಮಾಡಿ ನೋಡಿದೆ, ಅಕ್ಷರ ಮಸುಕು. ‘ಓಕೆ’ ಅಂತ ಕಳಿಸಿದೆ. ಎರಡು ಅಕ್ಷರ.

ಅಂದರೆ ಸಹಿ ಆದ ಪ್ರೂಫು ಒಂದು, ಮೆಷಿನ್ನಿಗೆ ಹೋದ ಫೈಲು ಇನ್ನೊಂದು. ಆಗಿದ್ದು ಇಷ್ಟೇ.

ಯಾರ ದುಡ್ಡು

ಪ್ರೆಸ್ಸಿನ ಮಾಲೀಕರು ಮೊದಲು ಹೇಳಿದ್ದು, "ಇಂಗ್ಲಿಷ್ ಸರಿ ಇದೆಯಲ್ಲ ಸಾರ್, ಯಾರೂ ಕೇಳಲ್ಲ. ಹಾಗೇ ಹೋಗಲಿ." ಮಾತಿನಲ್ಲಿ ಪೂರ್ತಿ ಸುಳ್ಳಿರಲಿಲ್ಲ. ಕಡ್ಡಾಯವಾದ ಪಟ್ಟಿ ಸರಿಯಾಗಿಯೇ ಇತ್ತು. ಆದರೆ ಗಿರಾಕಿಯ ಉತ್ತರ ನನಗೆ ಇಷ್ಟವಾಯಿತು: "ಕನ್ನಡ ಹಾಕಿದ್ದು ಯಾರೋ ಕೇಳ್ತಾರೆ ಅಂತಲ್ಲ ಅಣ್ಣ. ಉಪ್ಪು ಬರೆಯೋಕೆ ಬಾರದವರು ಚಟ್ನಿಪುಡಿ ಏನು ಮಾಡಿಯಾರು ಅಂತಾರೆ."

ಸ್ಟಿಕ್ಕರ್ ಅಂಟಿಸುವ ಮಾತೂ ಬಂತು. ಹೊಸ ಬಾಕ್ಸಿನ ಮೇಲೆ ಮೊದಲ ದಿನವೇ ತೇಪೆ. ಅವರೂ ಬೇಡ ಅಂದರು, ನನಗೂ ಬೇಡವಾಗಿತ್ತು.

ಇಲ್ಲಿ ಆ ಕೆನೆ ಬಣ್ಣದ ಮಗ್ಗುಲು ಕೈ ಹಿಡಿಯಿತು. ಪಟ್ಟಿ ಇದ್ದದ್ದು ಕಪ್ಪು ಪ್ಲೇಟಿನಲ್ಲಿ ಮಾತ್ರ. ಸಯಾನ್, ಮೆಜೆಂಟಾ, ಹಳದಿ ಪ್ಲೇಟುಗಳು ಇನ್ನೂ ಪ್ರೆಸ್ಸಿನಲ್ಲೇ ಇದ್ದವು. ಡೈ ಇತ್ತು. ಹೊಸದಾಗಿ ಬೇಕಾದದ್ದು ಒಂದೇ ಪ್ಲೇಟು, ಬೋರ್ಡು, ಮೆಷಿನ್ ಚಾರ್ಜು. ಹುಡುಗನ ಡಿಸೈನಿನ ಹಾಗೆ ನಾಲ್ಕು ಮಸಿಯ ಕಂದು ಬಣ್ಣದ ನಡುವೆ ಬಿಳಿ ಅಕ್ಷರ ಬಿಟ್ಟಿದ್ದರೆ ನಾಲ್ಕು ಪ್ಲೇಟೂ ಹೊಸದಾಗಬೇಕಿತ್ತು.

ಬಾಕ್ಸಿಗೆ 7 ರೂಪಾಯಿ ಚಿಲ್ಲರೆ ಬಿದ್ದಿತ್ತು. ಎರಡನೇ ಸಲದ ಬೋರ್ಡಿನ ದುಡ್ಡು ನಾನು ಕೊಟ್ಟೆ. ಪ್ಲೇಟು ಮತ್ತು ಮೆಷಿನ್ ಪ್ರೆಸ್ಸಿನವರು ಹಾಕಿಕೊಂಡರು. ಪಂಚಿಂಗು (ಡೈಯಲ್ಲಿ ಕತ್ತರಿಸುವುದು), ಪೇಸ್ಟಿಂಗಿನ (ಅಂಟಿಸುವುದರ) ಖರ್ಚಿನಲ್ಲಿ ಜಗ್ಗಾಟ ಆಯಿತು, ಕೊನೆಗೆ ಅರ್ಧ ಅರ್ಧ. ಗಿರಾಕಿಗೆ ನಷ್ಟ ಹನ್ನೊಂದು ದಿನ. ಕಾನೂನಿನ ಪ್ರಕಾರ ನೋಡಿದರೆ ಪೂರ್ತಿ ನನ್ನದೇ ಆಗಬೇಕಿತ್ತೇನೋ, ‘ಓಕೆ’ ಅಂದವನು ನಾನು. ಪ್ರೆಸ್ಸಿನವರು ಅಷ್ಟು ಹಿಡಿಯಲಿಲ್ಲ. ನಾನೂ ಅದನ್ನು ಎತ್ತಲಿಲ್ಲ.

ಕೆಟ್ಟ ಬಾಕ್ಸುಗಳಲ್ಲಿ ಒಂದಿಷ್ಟನ್ನು ಕೋಡಿಂಗ್ ಮೆಷಿನ್ ಪರೀಕ್ಷೆಗೆ ಬಳಸಿದರು. ಮಿಕ್ಕವು ರದ್ದಿಗೆ.

ಈಗ ಹೇಗೆ

ನಮ್ಮ ಅಂಗಡಿಯಲ್ಲಿ ಈಗ ಪ್ರತಿ ಕೆಲಸಕ್ಕೂ ಎರಡು ಫೈಲು. ಒಂದು ತಿದ್ದಬಹುದಾದದ್ದು, ಅದು ಅಂಗಡಿ ಬಿಟ್ಟು ಹೋಗುವುದಿಲ್ಲ. ಇನ್ನೊಂದು ಪ್ರೆಸ್ಸಿಗೆ, ಅದರಲ್ಲಿ ಒಂದೂ ಜೀವಂತ ಅಕ್ಷರ ಇರುವುದಿಲ್ಲ. ಪಿಡಿಎಫ್ ತೆರೆದು ಡಾಕ್ಯುಮೆಂಟ್ ಪ್ರಾಪರ್ಟೀಸಿನಲ್ಲಿ ಫಾಂಟುಗಳ ಪಟ್ಟಿ ನೋಡುತ್ತೇವೆ. ಪಟ್ಟಿ ಖಾಲಿ ಇರಬೇಕು. ಹತ್ತು ಸೆಕೆಂಡಿನ ಕೆಲಸ. ಫೈಲನ್ನು ಪಿಡಿಎಫ್ ಎಕ್ಸ್-1ಎ ಮಾದರಿಯಲ್ಲಿ ಮಾಡುತ್ತೇವೆ, ಅದರಲ್ಲಿ ಆರ್‌ಜಿಬಿ ಉಳಿಯುವುದಿಲ್ಲ, ಪಾರದರ್ಶಕ ನೆರಳುಗಳೂ ಚಪ್ಪಟೆಯಾಗಿರುತ್ತವೆ. ಫೈಲಿನ ಹೆಸರಿನಲ್ಲಿ ‘ಫೈನಲ್’ ಅನ್ನುವ ಪದ ನಿಷೇಧ. ತಾರೀಕು, ಗಂಟೆ ಅಷ್ಟೆ. ಪ್ರೂಫಿನ ಮೇಲೆ ಸಹಿಯ ಪಕ್ಕದಲ್ಲಿ ಆ ಹೆಸರನ್ನೂ ಬರೆಸುತ್ತೇನೆ.

ಒಂದು ಅಕ್ಷರ ತಿದ್ದಿದರೂ ಹೊಸ ಪ್ರೂಫು. ಫೋನಿನಲ್ಲಿ ನೋಡಿ ‘ಓಕೆ’ ಅನ್ನುವುದನ್ನು ಬಿಟ್ಟಿದ್ದೇನೆ. ಇದರಿಂದ ಕೆಲಸ ಒಂದು ದಿನ ನಿಧಾನ. ಕೆಲವು ಗಿರಾಕಿಗಳು ಪಕ್ಕದ ಅಂಗಡಿಗೆ ಹೋಗಿದ್ದಾರೆ.

ಪ್ರೆಸ್ಸಿಗೆ ಫೈಲು ಕಳಿಸುವಾಗ ಜೊತೆಗೆ ಒಂದು ಚಿತ್ರವನ್ನೂ ಕಳಿಸುತ್ತೇನೆ. ಅದರಲ್ಲಿ ಬಾಕ್ಸಿನ ಎಲ್ಲ ಒತ್ತಕ್ಷರಗಳಿಗೂ ಕೆಂಪು ಸುತ್ತು ಹಾಕಿರುತ್ತೇನೆ. ಓದುವುದು ಬೇಡಪ್ಪ, ಸುಮ್ನೆ ಆಕಾರ ಹೋಲಿಸಿ ನೋಡು ಅಂತ. ಪೀಣ್ಯದ ಆ ಹುಡುಗನಿಗೆ ಈಗ ‘ಳ್ಳಿ’ಯ ಆಕಾರ ಬಾಯಿಪಾಠ ಆಗಿದೆಯಂತೆ.

ತಿಪಟೂರಿನವರು ಈಚೆಗೆ ಅಗಸೆ ಚಟ್ನಿಪುಡಿಗೂ ಬಾಕ್ಸು ಮಾಡಿಸಿದರು. ಪ್ರೂಫಿನ ಪ್ರಿಂಟನ್ನು ಬಸ್ಸಿನಲ್ಲಿ ಕಳಿಸಿದೆ. ಪ್ಯಾಕಿಂಗಿನ ಆ ಅಕ್ಕನಿಗೆ ಕೊಟ್ಟು ಜೋರಾಗಿ ಓದಿಸಿ, ನನ್ನನ್ನು ಫೋನಿನಲ್ಲಿ ಇಟ್ಟುಕೊಳ್ಳಿ ಅಂದಿದ್ದೆ. ಅವರು ಒಂದೊಂದೇ ಪದ ಓದುತ್ತ ಹೋದರು. ಅಗಸೆ, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು. ಎಲ್ಲೂ ತೊದಲಲಿಲ್ಲ. ನಾನು ಫೋನು ಇಡಬೇಕು ಅನ್ನುವಷ್ಟರಲ್ಲಿ ನಿಲ್ಲಿಸಿದರು.

"ಇಂಗು ಎರಡು ಸಲ ಬಂದೈತೆ ಕಣಣ್ಣ."